ಚಿತ್ತವಿಕಲತೆಗೆ ತಾಯಿ ಹೊಣೆಯೆ?

ವಾರಪತ್ರಿಕೆ ಓದಲು ನಮ್ಮ ವಾಚನಾಲಯಕ್ಕೆ ಬರುವ ಹಿರಿಯ ತಾಯಿಯೊಬ್ಬರು ಕಳೆದ ತಿಂಗಳು ಬಾಗಿಲು ಹಾಕುವ ಹೊತ್ತಿಗೆ ನನ್ನನ್ನು ತಡೆದು ಕೇಳಿದರು: “ತಮ್ಮಾ, ಹುಡುಗ ಹೊಟ್ಟೆಯಲ್ಲಿದ್ದಾಗ ಗ್ರಹಣದ ದಿವಸ ನಾನು ಹೊರಗೆ ಬಂದಿದ್ದೆ. ಅವನ ತಲೆ ಕೆಟ್ಟದ್ದು ಅದರಿಂದಲೇ ಅಂತ ಹನ್ನೆರಡು ವರ್ಷದಿಂದ ಮನೆಯವರು ಅನ್ನುತ್ತಾರೆ. ಈಗ ಮಗಳು ಬಸುರಿ. ಅವಳ ಅತ್ತೆಗೂ ಅದೇ ಅಂಜಿಕೆ. ಪುಸ್ತಕದಲ್ಲಿ ಏನಾದರೂ ಬರೆದಿದೆಯೇನು?”

ನಾನು ಗಿರಣಿಯಲ್ಲಿ ಲೆಕ್ಕ ಬರೆಯುವವನು, ಮೆಟ್ರಿಕ್ಕಿನವರೆಗೆ ಓದಿದವನು, ವೈದ್ಯನಲ್ಲ. ಆದರೂ ಕೇಳಿದವರಿಗೆ ಓದಿ ಹೇಳುವುದು ವಾಚನಾಲಯದ ಕೆಲಸವೇ ಆದುದರಿಂದ, ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಆ ಹುಡುಗನ ಕಾಯಿಲೆಗೆ ಡಾಕ್ಟರರು ಸ್ಕಿಜೋಫ್ರೇನಿಯಾ ಎನ್ನುತ್ತಾರೆ; ನಾವು ಚಿತ್ತವಿಕಲತೆ ಎನ್ನೋಣ. ಇಲ್ಲದ ದನಿ ಕಿವಿಗೆ ಕೇಳುವುದು, ಯಾರೋ ತನ್ನ ಬೆನ್ನು ಹತ್ತಿದ್ದಾರೆಂಬ ಸಂಶಯ, ಮೂಲೆ ಹಿಡಿದು ಕೂಡುವುದು ಇದರ ಲಕ್ಷಣಗಳು. ಸುಮಾರು ನೂರು ಜನರಲ್ಲಿ ಒಬ್ಬರಿಗೆ, ಹೆಚ್ಚಾಗಿ ಹದಿಹರೆಯದ ಕೊನೆಯಿಂದ ಮೂವತ್ತರೊಳಗೆ, ಇದು ತಲೆದೋರುತ್ತದೆ. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ತಾಯಿಯ ಮೇಲೆ ಹೊರಿಸುವುದು ನಮ್ಮಲ್ಲಿ ಮಾತ್ರವೆಂದು ತಿಳಿಯಬೇಡಿ. ತಾಯಿ ಸಾಕಿದ ರೀತಿಯೇ ಈ ಕಾಯಿಲೆಯನ್ನು ಹುಟ್ಟಿಸುತ್ತದೆಂಬ ಅರ್ಥದ ಒಂದು ಹೆಸರನ್ನು 1948ರಲ್ಲಿ ಅಮೆರಿಕದ ಮನೋವೈದ್ಯೆ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬುವರೇ ಬಳಕೆಗೆ ತಂದರು. ಓದಿದವರೂ ಅದನ್ನು ಬಹುಕಾಲ ನಂಬಿದರು. 1966ರಲ್ಲಿ ಲೆನರ್ಡ್ ಹೆಸ್ಟನ್ ಎಂಬ ವೈದ್ಯರು ಪ್ರಕಟಿಸಿದ ಲೆಕ್ಕ ಬೇರೆಯೇ ಹೇಳಿತು. ಚಿತ್ತವಿಕಲತೆಯಿದ್ದ ತಾಯಂದಿರಿಗೆ ಆರಿಗನ್ ರಾಜ್ಯದಲ್ಲಿ ಹುಟ್ಟಿ, ಕೆಲವೇ ದಿನಗಳಲ್ಲಿ ಅವರಿಂದ ಬೇರೆಯಾಗಿ ಬೆಳೆದ 47 ಮಕ್ಕಳಲ್ಲಿ 5 ಮಂದಿಗೆ ಕಾಯಿಲೆ ಬಂದಿತ್ತು. ಹಾಗೆಯೇ ಬೇರೆಯಾಗಿ ಬೆಳೆದ, ಆದರೆ ತಾಯಿಗೆ ಕಾಯಿಲೆಯಿಲ್ಲದ 50 ಮಕ್ಕಳಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಎಂದರೆ ಸಾಕಿದ ರೀತಿಯಲ್ಲ, ರಕ್ತದಲ್ಲಿ ಬಂದದ್ದು ಏನೋ ಇದೆ. ಅದೂ ಒಂದು ಅಂಶವಲ್ಲ, ನೂರಾರು ಸಣ್ಣ ಅಂಶಗಳು. ತಂದೆಯಿಂದಲೂ ಬರುತ್ತವೆ, ತಾಯಿಯಿಂದಲೂ ಬರುತ್ತವೆ.

ಹಾಗಾದರೆ ಎಲ್ಲವೂ ರಕ್ತವೇ? ಅಲ್ಲ. ಒಂದೇ ಅಂಡದಿಂದಾದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಅರ್ಧಕ್ಕಿಂತ ಕಡಿಮೆ ಸಲ. ಉಳಿದದ್ದರಲ್ಲಿ ಒಂದಿಷ್ಟು ಪಾಲು ಗರ್ಭದ ಕಾಲದ್ದು.

ಇದಕ್ಕೆ ದೊರೆತ ಸಾಕ್ಷಿ ದಾರುಣವಾದದ್ದು. ಎರಡನೆಯ ಮಹಾಯುದ್ಧದಲ್ಲಿ ಹಾಲೆಂಡನ್ನು ಹಿಡಿದಿದ್ದ ಜರ್ಮನರು, 1944ರ ಸೆಪ್ಟೆಂಬರಿನಲ್ಲಿ ರೈಲ್ವೆಯವರು ಮುಷ್ಕರ ಹೂಡಿದರೆಂದು ಪಶ್ಚಿಮದ ನಗರಗಳಿಗೆ ಆಹಾರ ಹೋಗದಂತೆ ತಡೆದರು. ಆಮೇಲೆ ತಡೆ ಸಡಿಲಿಸಿದಾಗ ಚಳಿಗೆ ಕಾಲುವೆಗಳೇ ಹೆಪ್ಪುಗಟ್ಟಿದವು. ಆಮ್‌ಸ್ಟರ್‌ಡಾಮ್, ರಾಟರ್‌ಡಾಮ್, ಹೇಗ್ ನಗರಗಳಲ್ಲಿ ರೇಷನ್ನು ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗಿಳಿದು, ಕೆಲವು ವಾರ ಐನೂರರ ಸುಮಾರಿಗೆ ಬಂತು. ಜನ ಟ್ಯೂಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದರು. ಸುಮಾರು ಇಪ್ಪತ್ತು ಸಾವಿರ ಜನ ಸತ್ತರು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು.

ಗುಮಾಸ್ತನಾದ ನನಗೆ ಬೆರಗಾದದ್ದು ಇದು: ಅಷ್ಟು ಹಸಿವಿನಲ್ಲಿಯೂ ರೇಷನ್ ಕಚೇರಿಯವರು ಯಾವ ವಾರ ಎಷ್ಟು ಹಂಚಿದೆವೆಂಬುದನ್ನು ಬರೆದಿಟ್ಟರು, ಜನನದ ದಾಖಲೆಯೂ ತಪ್ಪಲಿಲ್ಲ. ಮುಂದೆ ಎಜ್ರಾ ಸಸ್ಸರ್, ಶಾಂಗ್ ಲಿನ್ ಎಂಬಿಬ್ಬರು ಅವನ್ನು ಮನೋರೋಗಿಗಳ ಆಸ್ಪತ್ರೆಯ ದಾಖಲೆಯೊಂದಿಗೆ ತಾಳೆ ನೋಡಿ, 1992ರಲ್ಲಿ ಪ್ರಕಟಿಸಿದರು. ಕ್ಷಾಮ ಉಗ್ರವಾಗಿದ್ದ ತಿಂಗಳುಗಳಲ್ಲಿ ಗರ್ಭಕಟ್ಟಿ, ಆ ವರ್ಷದ ಕೊನೆಗೆ ಹುಟ್ಟಿದವರಲ್ಲಿ ಚಿತ್ತವಿಕಲತೆ ಸುಮಾರು ಎರಡರಷ್ಟಿತ್ತು. ಬೆನ್ನುಹುರಿಯ ಹುಟ್ಟುದೋಷಗಳೂ ಅದೇ ಗುಂಪಿನಲ್ಲಿ ಹೆಚ್ಚಾಗಿದ್ದವು. ಚೀನದ 1959–61ರ ಕ್ಷಾಮದ ಮಕ್ಕಳಲ್ಲಿಯೂ ಇಂಥದೇ ಲೆಕ್ಕ 2005ರಲ್ಲಿ ಹೊರಬಿತ್ತು.

ಬಸುರಿಯಲ್ಲಿ ಕಠಿನವಾದ ಸೋಂಕು, ಸಕ್ಕರೆ ಕಾಯಿಲೆ, ಹೆರಿಗೆಯಲ್ಲಿ ಮಗುವಿಗೆ ಉಸಿರು ಕಟ್ಟುವುದು ಇವೂ ಅಪಾಯವನ್ನು ಸ್ವಲ್ಪ ಏರಿಸಬಹುದೆನ್ನುತ್ತಾರೆ.

ಇದನ್ನು ಓದಿ ಯಾರಾದರೂ “ಬಸುರಿಯಲ್ಲಿ ಸರಿಯಾಗಿ ಉಣ್ಣಲಿಲ್ಲ, ಅದಕ್ಕೇ” ಎಂದು ಸೊಸೆಯನ್ನು ಚುಚ್ಚಿದರೆ, ಗ್ರಹಣದ ಮಾತು ಹೋಗಿ ಈ ಮಾತು ಬಂದಂತಾಯಿತು. ಹಾಲೆಂಡಿನ ಆ ತಾಯಂದಿರು ಬೇಕೆಂದು ಉಪವಾಸವಿದ್ದರೇ? ಎರಡರಷ್ಟು ಎಂಬುದಕ್ಕೂ ಹೆದರಬೇಕಾಗಿಲ್ಲ. ನೂರಕ್ಕೆ ಒಂದು ಇದ್ದದ್ದು ಎರಡಾದರೆ, ತೊಂಬತ್ತೆಂಟು ಮಂದಿಗೆ ಈ ಕಾಯಿಲೆ ಬರಲಿಲ್ಲವೆಂದೇ ಅರ್ಥ.

ಇನ್ನು ಆ ತಾಯಿ ಕೇಳಿದ್ದು. ಸೋದರಮಾವನಿಗೆ ಕಾಯಿಲೆಯಿದ್ದರೆ ಮಗುವಿಗೆ ಮುಂದೆ ಬರುವ ಸಂಭವ ನೂರಕ್ಕೆ ಮೂರೋ ನಾಲ್ಕೋ. ಇದನ್ನು ಹೇಳಿದಾಗ ಅವರು, “ಆ ಅಂಕೆಯನ್ನು ಚೀಟಿಯಲ್ಲಿ ಬರೆದು ಕೊಡು ತಮ್ಮಾ, ಬೀಗಿತಿಗೆ ತೋರಿಸುತ್ತೇನೆ” ಎಂದರು. ಬರೆದುಕೊಟ್ಟೆ. ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಕಬ್ಬಿಣ-ಫೋಲಿಕ್ ಮಾತ್ರೆಯನ್ನು ಮಗಳು ಬಿಡಬಾರದೆಂದೂ ಕೆಳಗೆ ಸೇರಿಸಿದೆ. ಆ ಮಾತ್ರೆ ಚಿತ್ತವಿಕಲತೆಯನ್ನು ತಡೆಯುತ್ತದೆಂದು ಸಿದ್ಧವಾಗಿಲ್ಲ. ತಾಯಿಯ ರಕ್ತಕ್ಕೆ ಅದು ಬೇಕು. ಹುಡುಗನ ಔಷಧವನ್ನು ಡಾಕ್ಟರರನ್ನು ಕೇಳದೆ ನಿಲ್ಲಿಸಬೇಡಿರೆಂದು ಬಾಯಿಂದಲೇ ಹೇಳಿ, ದೀಪ ಆರಿಸಿದೆ.