ಹಸುವಿನ ಬೆನ್ನನ್ನು ಅಳೆಯುವ ಕ್ಯಾಮರಾ

ಬೇಸಗೆಯ ಕೊನೆಯಲ್ಲಿ ಹಿರಿಯೂರು, ಹೊಸದುರ್ಗಗಳ ಕಡೆ ಪ್ರಯಾಣ ಮಾಡಿದವರು ಬಯಲಿನಲ್ಲಿ ಮೇಯುವ ದನಗಳ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಲ್ಲರು. ಚಿತ್ರದುರ್ಗವು ಮಳೆ ಕಡಿಮೆಯಾದ ಜಿಲ್ಲೆ. ಮಳೆ ತಪ್ಪಿದ ವರ್ಷ ರಾಗಿಹುಲ್ಲಿಗೂ ಜೋಳದ ಸಪ್ಪೆಗೂ ಅಭಾವ ಉಂಟಾಗುತ್ತದೆ. ಸರ್ಕಾರವು ಗೋಶಾಲೆಗಳನ್ನು ತೆರೆಯಬೇಕಾದ ಸಂದರ್ಭಗಳೂ ಬಂದಿವೆ. ಆದರೆ ಎಲುಬು ಎದ್ದು ಕಾಣುವ ವೇಳೆಗೆ ನಷ್ಟವು ಬಹಳ ದೂರ ಸಾಗಿರುತ್ತದೆ. ಅದಕ್ಕೆ ಮುಂಚೆಯೇ ಹಸು ಬಡವಾಗುತ್ತಿರುವುದನ್ನು ತಿಳಿಯುವುದು ಹೇಗೆ?

ಹಸುವಿನ ಮೈಯಲ್ಲಿರುವ ಕೊಬ್ಬು ಕಷ್ಟಕಾಲಕ್ಕೆಂದು ಕೂಡಿಟ್ಟ ಹಣದಂತೆ. ಕರು ಹಾಕಿದ ಮೊದಲ ಕೆಲವು ವಾರಗಳಲ್ಲಿ ಹಾಲು ಬೇಗ ಏರುತ್ತದೆ. ಮೇವು ತಿನ್ನುವ ಶಕ್ತಿ ಅಷ್ಟು ಬೇಗ ಏರುವುದಿಲ್ಲ. ಕೊರತೆಯನ್ನು ಈ ಕೊಬ್ಬೇ ತುಂಬುತ್ತದೆ. ಅದು ಮಿತಿಮೀರಿ ಕರಗಿದರೆ ಹಾಲು ಇಳಿಯುತ್ತದೆ, ಬೆದೆಗೆ ಬರುವುದು ತಡವಾಗುತ್ತದೆ, ಕೀಟೋಸಿಸ್ ಎಂಬ ವ್ಯಾಧಿಯೂ ತಲೆದೋರಬಹುದು. ಹಾಗೆಂದು ಅತಿಯಾಗಿ ಕೊಬ್ಬಿದ ಹಸುವೂ ಕ್ಷೇಮವಲ್ಲ. ಅದಕ್ಕೆ ಪ್ರಸವವು ಕಷ್ಟ, ಅನಂತರ ಹಸಿವೂ ಮಂದ.

ತೂಕ ಮಾಡಿದರೆ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು. 40 ಲೀಟರು ನೀರು ಕುಡಿದ ಹಸುವಿನ ತೂಕ 40 ಕಿಲೋಗ್ರಾಂ ಹೆಚ್ಚುತ್ತದೆ. ಕೊಬ್ಬು ಒಂದು ಗ್ರಾಮೂ ಹೆಚ್ಚದು. ಆದುದರಿಂದ ಪಶುವಿಜ್ಞಾನಿಗಳು ಸೊಂಟ, ಬೆನ್ನು, ಬಾಲದ ಬುಡಗಳನ್ನು ನೋಡಿ, ಮುಟ್ಟಿ, 1ರಿಂದ 5ರವರೆಗೆ ಅಂಕ ಕೊಡುವ ಪದ್ಧತಿಯನ್ನು ರೂಪಿಸಿದರು. 1 ಎಂದರೆ ಎಲುಬಿನ ಗೂಡು; 5 ಎಂದರೆ ಅತಿ ಕೊಬ್ಬು. ಸೊಂಟದ ಮೂಳೆಯ ಮುಂತುದಿಯಿಂದ ಬಾಲದ ಪಕ್ಕದ ಮೂಳೆಯವರೆಗೆ ಪಕ್ಕದಿಂದ ನೋಡಿದಾಗ ಕಾಣುವ ರೇಖೆಯು ನಡುವೆ ಚೂಪಾಗಿ ತಗ್ಗಿದ್ದರೆ ಹಸು ಬಡವಾಗಿದೆಯೆಂದೂ, ಬಟ್ಟಲಿನಂತೆ ದುಂಡಾಗಿದ್ದರೆ ಮೈ ತುಂಬಿದೆಯೆಂದೂ ತಿಳಿಯಬೇಕು.

ಈ ಪದ್ಧತಿಯಲ್ಲಿ ಒಂದು ದೋಷವುಂಟು. ಒಬ್ಬರು ಕೊಟ್ಟ ಅಂಕವನ್ನು ಇನ್ನೊಬ್ಬರು ಒಪ್ಪದೆ ಇರಬಹುದು. ದಿನವೂ ನೋಡುವ ಯಜಮಾನನ ಕಣ್ಣಿಗಂತೂ ನಿಧಾನದ ಬದಲಾವಣೆ ಗೋಚರಿಸುವುದೇ ಇಲ್ಲ. ಇಲ್ಲಿ ಕ್ಯಾಮರಾ ನೆರವಿಗೆ ಬರುತ್ತದೆ. ಇದು ಸಾಮಾನ್ಯ ಕ್ಯಾಮರಾ ಅಲ್ಲ, ಆಳವನ್ನು ಅಳೆಯುವ ಕ್ಯಾಮರಾ. ಹಸು ಹಾದುಹೋಗುವ ದಾರಿಯ ಮೇಲ್ಗಡೆ ಇದನ್ನು ತೂಗುಹಾಕುತ್ತಾರೆ. ಇದರ ಒಂದು ಬಗೆಯು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೆನ್ನಿನ ಮೇಲೆ ಬೀರಿ, ಅದು ಮರಳಿ ಬರುವ ಕಾಲವನ್ನು ಅಳೆಯುತ್ತದೆ. ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗದಲ್ಲಿ ಬೆಳಕು ಸುಮಾರು 30 ಸೆಂಟಿಮೀಟರು ಚಲಿಸುತ್ತದೆ. ಇದರಿಂದ ಬೆನ್ನಿನ ಪ್ರತಿಯೊಂದು ಬಿಂದುವಿನ ದೂರವೂ ದೊರೆತು, ಉಬ್ಬುತಗ್ಗುಗಳ ನಕ್ಷೆ ಸಿದ್ಧವಾಗುತ್ತದೆ. ತಜ್ಞರು ಮೊದಲೇ ಅಂಕ ಕೊಟ್ಟ ಅನೇಕ ಹಸುಗಳ ನಕ್ಷೆಗಳಿಂದ ಪಾಠ ಕಲಿತ ಗಣಕಯಂತ್ರವು ಹೊಸ ಹಸುವಿಗೆ ಅಂಕ ನೀಡುತ್ತದೆ. ಇಂಥ ಯಂತ್ರಗಳನ್ನು ಪಾಶ್ಚಾತ್ಯ ದೇಶಗಳ ದೊಡ್ಡ ಹೈನುಶಾಲೆಗಳಲ್ಲಿ ಬಳಸುತ್ತಿದ್ದಾರೆ.

ಆದರೆ ಆ ಯಂತ್ರಗಳು ಬಹುಮಟ್ಟಿಗೆ ಕಲಿತಿರುವುದು ಹೋಲ್‌ಸ್ಟೀನ್ ಹಸುಗಳಿಂದ. ಚಿತ್ರದುರ್ಗದ ಕಾವಲುಗಳಲ್ಲಿ ಮೇಯ್ದು ಬೆಳೆದ ಅಮೃತಮಹಲ್ ತಳಿಗೆ ಡುಬ್ಬವುಂಟು. ಮೈ ಇಕ್ಕಟ್ಟು, ಬಿಗಿ. ಮಿಶ್ರತಳಿಯ ಹಸುಗಳ ಆಕಾರವೂ ಬೇರೆಬೇರೆ. ಆರೋಗ್ಯವಾದ ನಮ್ಮ ಹಸುವನ್ನು ಬಡಕಲೆಂದು ಯಂತ್ರವು ತಪ್ಪಾಗಿ ಎಣಿಸದಿರಬೇಕಾದರೆ ನಮ್ಮ ತಳಿಗಳಿಂದಲೇ ಅದಕ್ಕೆ ಪಾಠ ಹೇಳಬೇಕು. ಅಲ್ಲದೆ, ಒಂದೆರಡು ಹಸು ಸಾಕುವ ಹೊಳಲ್ಕೆರೆಯ ರೈತನು ಯಂತ್ರವನ್ನು ಕೊಳ್ಳಲಾರನು. ಊರಿನ ಪಶುಚಿಕಿತ್ಸಾಲಯದಲ್ಲೋ ಹಾಲಿನ ಸಹಕಾರ ಸಂಘದಲ್ಲೋ ಒಂದನ್ನು ಇಟ್ಟರೆ ಹಲವರಿಗೆ ಉಪಯೋಗವಾದೀತು.

ಅದುವರೆಗೆ ವಿದ್ಯಾರ್ಥಿಗಳು ಸುಮ್ಮನಿರಬೇಕಾಗಿಲ್ಲ. ಹದಿನೈದು ದಿನಗಳಿಗೊಮ್ಮೆ ಹಸುವನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ಅಷ್ಟೇ ದೂರದಲ್ಲಿ ನಿಂತು, ಹಿಂದಿನಿಂದಲೂ ಪಕ್ಕದಿಂದಲೂ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಪಕ್ಕೆಲುಬು, ಬಾಲದ ಬುಡಗಳನ್ನು ಅಂಗೈಯಿಂದ ಒತ್ತಿ ನೋಡಿ, ತಿಳಿದುದನ್ನು ತಾರೀಖಿನೊಡನೆ ಬರೆದಿಡಿರಿ. ಮೂರು ತಿಂಗಳ ಚಿತ್ರಗಳನ್ನು ಸಾಲಾಗಿಟ್ಟು ನೋಡಿದರೆ ದಿನದಿನದ ನೋಟಕ್ಕೆ ಸಿಕ್ಕದ ಬದಲಾವಣೆ ಕಾಣುವುದು. ಮೇವು ಹಿಂಡಿಗಳನ್ನು ಸಕಾಲದಲ್ಲಿ ಹೆಚ್ಚಿಸಲು ಮನೆಯವರಿಗೆ ಅದೇ ಸೂಚನೆಯಾಗುವುದು.