ಪ್ಲಾಸ್ಮಾ ಟಿ.ವಿ.: ಚಿತ್ರದ ಗುಣಮಟ್ಟ ಮತ್ತು ಮೌಲ್ಯ

ಬಳಸಿದ ಪ್ಲಾಸ್ಮಾ ಟಿ.ವಿ.ಯನ್ನು ಕೊಳ್ಳುವ ಅಥವಾ ಉಳಿಸಿಕೊಳ್ಳುವ ವರ್ತಕರು ಅದರ ಚಿತ್ರ ಮತ್ತು ಮೌಲ್ಯ ಎರಡನ್ನೂ ಪ್ರತ್ಯೇಕವಾಗಿ ಪರಿಶೀಲಿಸುವುದು ಅವಶ್ಯಕ.

ಮೊದಲನೆಯದು ಚಿತ್ರ. ‘ಎಚ್.ಡಿ.’ ಎಂಬ ಹಣೆಪಟ್ಟಿಯೊಂದೇ ಸಾಲದು. 42 ಇಂಚಿನ ಅನೇಕ ‘ಎಚ್.ಡಿ. ರೆಡಿ’ ಸೆಟ್ಟುಗಳಲ್ಲಿರುವುದು 1024×768, ಅಂದರೆ ಸುಮಾರು 7.86 ಲಕ್ಷ ಬಿಂದುಗಳು, ‘ಫುಲ್ ಎಚ್.ಡಿ.’ಯಲ್ಲಿ 1920×1080, ಅಂದರೆ ಸುಮಾರು 20.7 ಲಕ್ಷ. ಪ್ಲಾಸ್ಮಾದಲ್ಲಿ ಪ್ರತಿ ಬಿಂದುವೂ ತಾನೇ ಬೆಳಗುವುದರಿಂದ ಕಪ್ಪು ಬಣ್ಣದ ಗಾಢತೆಯೇ ಅದರ ಹಿರಿಮೆ; ಅದನ್ನು ಕೋಣೆಯ ದೀಪ ಆರಿಸಿ ನೋಡಬೇಕು. ಬಳಿಕ ಪರದೆಯನ್ನೆಲ್ಲ ಬಿಳಿಯಾಗಿಸಿದರೆ, ಸದಾ ಒಂದೇ ಚಾನೆಲ್ ಹಾಕಿದ್ದ ಸೆಟ್ಟಿನಲ್ಲಿ ಅದರ ಲಾಂಛನದ ಅಚ್ಚು ಉಳಿದಿದ್ದಲ್ಲಿ ಗೋಚರಿಸುತ್ತದೆ.

ಎರಡನೆಯದು ಮೌಲ್ಯ. ಗಾಢ ಕಪ್ಪಿಗೆ ಹೆಸರಾದ ‘ಕುರೋ’ ಸೆಟ್ಟುಗಳ ತಯಾರಕ ಪಯನಿಯರ್ ಸಂಸ್ಥೆಯು ಟಿ.ವಿ. ವ್ಯವಹಾರದಿಂದ ಹಿಂದೆ ಸರಿಯುವುದಾಗಿ 2009ರಲ್ಲಿ ಪ್ರಕಟಿಸಿತು. ಪ್ಯಾನಸೋನಿಕ್ 2013ರಲ್ಲಿ ಪ್ಲಾಸ್ಮಾ ತಯಾರಿಕೆ ನಿಲ್ಲಿಸಿತು. ಆದಕಾರಣ ಬಿಡಿಭಾಗಗಳು ದೊರೆಯುವುದು ಕಷ್ಟ. ವಿದ್ಯುತ್ ವೆಚ್ಚವೂ ಅಲ್ಪವಲ್ಲ: 300 ವ್ಯಾಟ್‌ನ ಸೆಟ್ಟು ದಿನಕ್ಕೆ 8 ಗಂಟೆ ನಡೆದರೆ ವರ್ಷಕ್ಕೆ 876 ಯೂನಿಟ್ ಬೇಕು.

ಲೆಕ್ಕಪುಸ್ತಕದಲ್ಲಿ ಸವಕಳಿ ಕಳೆದು ಉಳಿದ ಮೊತ್ತವು ಮಾರುಕಟ್ಟೆಯ ಬೆಲೆಯಲ್ಲ. ಚಿತ್ರ ಎಷ್ಟೇ ಸೊಗಸಾಗಿದ್ದರೂ, ಪ್ಯಾನೆಲ್ ಕೆಟ್ಟ ದಿನ ಸೆಟ್ಟು ಗುಜರಿಯ ಬೆಲೆಗೆ ಇಳಿಯುತ್ತದೆ ಎಂಬುದನ್ನು ಮನಗಂಡೇ ಬೆಲೆ ಕಟ್ಟುವುದು ಕ್ಷೇಮಕರ.