ಆಯುಷ್ಮಾನ್ ಕಾರ್ಡ್ ಐತಿ, ಮತ್ಯಾಕ ಪಾಲಿಸಿ? ಸರ್ಕಾರಿ ರಕ್ಷಣೆ ಮತ್ತು ಖಾಸಗಿ ವಿಮೆಯ ಲೆಕ್ಕಾಚಾರ

(ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನ್ಯಾಗ ಕುಂತಿರಬಹುದು, ಮಗ್ಗದ ಮುಂದ ನಿಂತಿರಬಹುದು, ಬೆಂಗಳೂರಿನ ಪಿಜಿಯೊಳಗ ಇರಬಹುದು. ಇವತ್ತಿನ ವಿಷಯ ನಿಮ್ಮ ಮನಿ ರೊಕ್ಕದ್ದು.

ಹುನ್ನೂರ, ಜಮಖಂಡಿ ಕಡೆ ಈಗ ಎರಡು ಮಾತು ಒಟ್ಟಿಗೇ ಕೇಳಿಸ್ತಾವ. ಹಿರಿಯರು ಅಂತಾರ, "ಸರ್ಕಾರದ ಕಾರ್ಡ್ ಐತಿ, ಐದು ಲಕ್ಷ ಫ್ರೀ, ಪಾಲಿಸಿ ಯಾಕ?" ಏಜೆಂಟ್ ಅಂತಾನ, "ಸರ್ಕಾರದ್ದು ನಂಬಬ್ಯಾಡ್ರಿ, ನಮ್ಮದು ತಗೋರಿ." ಎರಡೂ ಅರ್ಧ ಸತ್ಯ. ನಾನು ಬಿಕಾಂ ಓದಿದವ, ಡಾಕ್ಟರ್ ಅಲ್ಲ. ಹಂಗಾಗಿ ಲೆಕ್ಕದ ಕಡೆಯಿಂದ ಬಿಡಿಸಿ ಹೇಳ್ತೀನಿ.

ಅಪಾಯ ಯಾರ ತಲಿ ಮ್ಯಾಲ?

ಸಾವಿರ ಮಂದಿ ಸ್ವಲ್ಪ ಸ್ವಲ್ಪ ರೊಕ್ಕ ಹಾಕ್ತಾರ, ಕಾಯಿಲೆ ಬಿದ್ದ ಹತ್ತು ಮಂದಿಗೆ ಅದು ಹೋಗತೈತಿ. ವಿಮೆ ಅಂದ್ರ ಇಷ್ಟ. ಖಾಸಗಿ ಪಾಲಿಸಿಯಲ್ಲಿ ರೊಕ್ಕ ಹಾಕೋದು ನೀವು, ಅಪಾಯ ಹೊರೋದು ಕಂಪನಿ. ಹಂಗಾಗಿ ಕಂಪನಿ ನಿಮ್ಮ ವಯಸ್ಸು, ಶುಗರ್, ಬಿಪಿ ಎಲ್ಲಾ ನೋಡತೈತಿ. ಸರ್ಕಾರಿ ಯೋಜನೆಯಲ್ಲಿ ರೊಕ್ಕ ತೆರಿಗೆಯಿಂದ ಬರತೈತಿ. ಕರ್ನಾಟಕದಲ್ಲಿ ನಡುವೆ ವಿಮಾ ಕಂಪನಿಯೇ ಇಲ್ಲ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಅನ್ನೋ ಸರ್ಕಾರಿ ಸಂಸ್ಥೆಯೇ ಆಸ್ಪತ್ರೆಗಳಿಗೆ ನೇರವಾಗಿ ಹಣ ಕೊಡುತ್ತದೆ. ಅಲ್ಲಿ ನಿಮ್ಮ ಶುಗರ್ ಯಾರೂ ಕೇಳಂಗಿಲ್ಲ, ಕೇಳೋದು ರೇಷನ್ ಕಾರ್ಡ್. ಈ ಮಾತು ನೆನಪಿಡ್ರಿ, ಮುಂದ ಬರತೈತಿ.

ನಮ್ಮ ಭಾಗದ ಹಳೇ ಅನುಭವ

ಈ ವಿಷಯದಾಗ ಕರ್ನಾಟಕ ಹೊಸಬ ಅಲ್ಲ. 2003ರಲ್ಲಿ ಯಶಸ್ವಿನಿ ಶುರುವಾಯಿತು. ಸಹಕಾರ ಸಂಘದ ಸದಸ್ಯ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ಖರ್ಚು ಯೋಜನೆಯದು. ಡಾ. ದೇವಿ ಶೆಟ್ಟಿ ಇದರ ಹಿಂದಿನ ಯೋಚನೆ ಕೊಟ್ಟವರಲ್ಲಿ ಮುಖ್ಯರು.

2010ರಲ್ಲಿ ಬಂದದ್ದು ವಾಜಪೇಯಿ ಆರೋಗ್ಯಶ್ರೀ. ಬಿಪಿಎಲ್ ಕುಟುಂಬಗಳಿಗೆ ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ. ಮೊದಲು ಕಲಬುರಗಿ ವಿಭಾಗ, ಆಮ್ಯಾಲ ನಮ್ಮ ಬಾಗಲಕೋಟೆ ಇರುವ ಬೆಳಗಾವಿ ವಿಭಾಗ. ಉತ್ತರಕ್ಕೆ ಮೊದಲು, ದಕ್ಷಿಣಕ್ಕೆ ಆಮ್ಯಾಲ. ಹಿಂಗ ಆಗೋದು ಅಪರೂಪ ಅಲ್ರೀ!

ಇದರಿಂದ ಸಂಶೋಧಕರಿಗೆ ಒಂದು ಅವಕಾಶ ಸಿಕ್ಕಿತು. ಯೋಜನೆ ಇದ್ದ 300 ಹಳ್ಳಿ, ಗಡಿಯಾಚೆ ಇನ್ನೂ ಯೋಜನೆ ಬರದ 272 ಹಳ್ಳಿ, ಎರಡನ್ನೂ ಹೋಲಿಸಿದರು. ವರದಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. "ಸರ್ಕಾರಿ ಯೋಜನೆ ಬರೀ ಹೆಸರಿಗೆ" ಅನ್ನೋರಿಗೆ ಈ ಎರಡು ಅಂಕಿ ತೋರಿಸ್ರಿ. ಉಳಿದದ್ದು ಜೀವ.

ಈಗಿನ ಕಾರ್ಡ್ ಏನು ಕೊಡತೈತಿ?

2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಒಬ್ಬೊಬ್ಬರಿಗಲ್ಲ, ಇಡೀ ಕುಟುಂಬಕ್ಕೆ.

ಎಪಿಎಲ್ ಆದರೆ? ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಅಂದ್ರ ಪ್ಯಾಕೇಜ್ 1 ಲಕ್ಷ ಇದ್ದರ ಸರ್ಕಾರದ್ದು 30 ಸಾವಿರ, ನಿಮ್ಮ ಕಿಸೆದಿಂದ 70 ಸಾವಿರ.

ಇನ್ನೊಂದು ನಿಯಮ ಮಂದಿ ಮರೀತಾರ. ಚಿಕಿತ್ಸೆ ಮೊದಲು ಸರ್ಕಾರಿ ದವಾಖಾನಿಯಲ್ಲೇ. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಚೀಟಿ ಪಡೆದು ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಪಟ್ಟಿ ಮಾಡಿದ ತುರ್ತು ಸಂದರ್ಭಗಳಿಗೆ ಮಾತ್ರ ರೆಫರಲ್ ಬೇಕಿಲ್ಲ. ನಮ್ಮ ಮಂದಿ ಸೀದಾ ಮಿರಜಕ್ಕೆ ಗಾಡಿ ಹತ್ತೋ ರೂಢಿ. ಅದು ಬ್ಯಾರೆ ರಾಜ್ಯ. ಕೇಂದ್ರದ ಫಲಾನುಭವಿ ಪಟ್ಟಿಯಲ್ಲಿ ನಿಮ್ಮ ಮನೆತನ ಇದೆಯೋ, ಆ ಆಸ್ಪತ್ರೆ ಯೋಜನೆಯಲ್ಲಿದೆಯೋ ಅಂತ 14555ಕ್ಕೆ ಫೋನ್ ಮಾಡಿ ಕೇಳಿಯೇ ಹತ್ರಿ.

ಕಾರ್ಡ್ ಹೋದ್ರ?

ಇಲ್ಲೇ ನಿಜವಾದ ತೊಡಕು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳ ರದ್ದತಿ ಬಗ್ಗೆ ರಾಜ್ಯದಲ್ಲಿ ದೊಡ್ಡ ಗಲಾಟೆ ಆಯಿತು. ಕೊನೆಗೆ ಸರ್ಕಾರ, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುವುದಾಗಿ ಹೇಳಿತು. ಎಲ್ಲಾರೂ ಅಕ್ಕಿ ಬಗ್ಗೆ ಮಾತಾಡಿದರು. ಆದರ ಕಾರ್ಡ್ ಜೊತೆ ಆ 5 ಲಕ್ಷದ ರಕ್ಷಣೆಯೂ ಹೋಗತೈತಿ.

ಮಗನಿಗೆ ಬೆಂಗಳೂರಾಗ ನೌಕರಿ ಹತ್ತಿತು, ತೆರಿಗೆ ಕಟ್ಟಿದ, ಮನಿ ಕಾರ್ಡ್ ಎಪಿಎಲ್ ಆಯ್ತು ಅಂತ ಇಟ್ಕೋರಿ. ಅಪ್ಪನ ಎದಿ ನೋವಿಗೆ ಈಗ ಶೇ 30. ಮಗನ ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅವ್ವನ ಹೆಸರು ಇಲ್ಲದಿದ್ದರೆ ಆ ಮನೆ ಎತ್ಲಾಗೂ ಇಲ್ಲ. ನೀತಿ ಆಯೋಗ 2021ರ ವರದಿಯಲ್ಲಿ ಇಂಥವರನ್ನು 'ನಡುವೆ ತಪ್ಪಿಹೋದವರು' ಎಂಬ ಅರ್ಥದಲ್ಲಿ ಕರೆದು, ದೇಶದ ಜನಸಂಖ್ಯೆಯ ಕನಿಷ್ಠ ಶೇ 30ರಷ್ಟು, ಸುಮಾರು 40 ಕೋಟಿ ಮಂದಿಗೆ ಯಾವ ರಕ್ಷಣೆಯೂ ಇಲ್ಲ ಎಂದಿತು.

ಖಾಸಗಿ ಪಾಲಿಸಿಯ ಒಳಗುಟ್ಟು

ಖಾಸಗಿ ಪಾಲಿಸಿಯ ಅನುಕೂಲ ಸ್ಪಷ್ಟ: ರೆಫರಲ್ ಚೀಟಿ ಬೇಡ, ಆಸ್ಪತ್ರೆ ನಿಮ್ಮ ಆಯ್ಕೆ. 2024ರ ನಿಯಮದ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ತಾಸಿನೊಳಗೆ ಉತ್ತರ ಕೊಡಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿ ಮೇಲಿನ ಶೇ 18 ಜಿಎಸ್‌ಟಿಯೂ ಇಲ್ಲ.

ಈಗ ಸಣ್ಣ ಅಕ್ಷರ ಓದೋಣು. ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು. ಅಪಘಾತ ಬಿಟ್ಟರೆ ಮೊದಲ 30 ದಿನ ಸಾಮಾನ್ಯವಾಗಿ ಏನೂ ಸಿಗಂಗಿಲ್ಲ. ವಯಸ್ಸಾದಂಗ ಪ್ರೀಮಿಯಂ ಏರತೈತಿ, ಅಂದ್ರ ವಿಮೆ ಭಾಳ ಬೇಕಾದಾಗಲೇ ಭಾಳ ತುಟ್ಟಿ.

ರೂಮ್ ಬಾಡಿಗಿ ಮಿತಿ ಇನ್ನೊಂದು. ಪಾಲಿಸಿಯಲ್ಲಿ ದಿನಕ್ಕೆ 3,000 ಮಿತಿ ಐತಿ, ನೀವು 6,000ದ ರೂಮ್ ಹಿಡಿದ್ರಿ. ಕಡಿತ ಬರೀ 3,000 ಅಲ್ಲ. ಡಾಕ್ಟರ್ ಫೀ, ಆಪರೇಷನ್ ಚಾರ್ಜ್‌ನಂಥ ಖರ್ಚು 1.2 ಲಕ್ಷ ಆಗಿದ್ದರೆ ಕಂಪನಿ ಅದರ ಅರ್ಧ, 60 ಸಾವಿರ ಮಾತ್ರ ಕೊಡಬಹುದು. ಔಷಧಿಗೆ ಈ ಕಡಿತ ಇಲ್ಲ. ರೂಮ್ ಆರಿಸೋ ಮೊದಲು ಪಾಲಿಸಿ ತೆಗೆದು ನೋಡ್ರಿ.

ಹಂಗಾರ ಯಾವುದು ಸರಿ?

ಸರ್ಕಾರಿ ಯೋಜನೆ ಬೇಕು ಅನ್ನೋರ ವಾದ: ಕಾಯಿಲೆ ಇದ್ದವನನ್ನು ಕಂಪನಿ ದೂರ ಇಡತೈತಿ, ಸರ್ಕಾರ ಇಡಂಗಿಲ್ಲ. ವಿರೋಧದ ವಾದ: ಪ್ಯಾಕೇಜ್ ದರ ಕಡಿಮೆ, ಬಿಲ್ ತಡ ಅಂತ ಖಾಸಗಿ ಆಸ್ಪತ್ರೆಗಳು ದೂರತಾವ, ಕಾರ್ಡ್ ತೋರಿಸಿದರೆ ಮುಖ ಸಪ್ಪಗೆ ಮಾಡ್ತಾವ. ಮೂರನೇ ವಾದ ನನಗ ಭಾಳ ತೂಕದ್ದು ಅನಿಸತೈತಿ: ವಿಮೆ ಯಾವುದೇ ಇರಲಿ, ಜಮಖಂಡಿಯ ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯ ಇಲ್ಲದಿದ್ದರೆ ಕಾರ್ಡ್ ಹಿಡಿದು ಬಾಗಲಕೋಟೆಗೋ ಬೆಳಗಾವಿಗೋ ಓಡೋದು ತಪ್ಪಂಗಿಲ್ಲ. ಬ್ರಿಟನ್ 1948ರಲ್ಲಿ ತೆರಿಗೆ ರೊಕ್ಕದಿಂದ ಆಸ್ಪತ್ರೆಗಳನ್ನೇ ನಡೆಸೋಕೆ ಶುರು ಮಾಡಿತು. ನಾವು ಹೆಚ್ಚಾಗಿ ಬಿಲ್ ಕಟ್ಟೋ ದಾರಿ ಹಿಡಿದೀವಿ. ಎರಡೂ ಒಂದ ಅಲ್ಲ.

ನನ್ನ ಅಭಿಪ್ರಾಯ: ಸರ್ಕಾರಿ ರಕ್ಷಣೆ ಬುನಾದಿ ಆಗಿರಬೇಕು, ಖಾಸಗಿ ಪಾಲಿಸಿ ಅದರ ಮೇಲಿನ ಮಾಳಿಗಿ. ಬುನಾದಿಯನ್ನು ಬಿಪಿಎಲ್ ಗೆರೆಯ ಹತ್ತಿರ ನಿಲ್ಲಿಸಬಾರದು.

ಈ ವಾರ ಮಾಡಬೇಕಾದ ಕೆಲಸ

ಒಂದು, ನಿಮ್ಮ ಮನಿ ರೇಷನ್ ಕಾರ್ಡ್ ಈಗ ಬಿಪಿಎಲ್ಲೋ ಎಪಿಎಲ್ಲೋ ನೋಡ್ರಿ, ಎಲ್ಲಾರ ಆರೋಗ್ಯ ಕಾರ್ಡ್ ಮಾಡಿಸ್ರಿ.

ಎರಡು, ಎಪಿಎಲ್ ಇದ್ದು ಪಿಕೆಪಿಎಸ್ ಅಥವಾ ಹಾಲಿನ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ವಿಚಾರಿಸ್ರಿ. 2018ರಲ್ಲಿ ನಿಂತದ್ದು 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಆಗ ಹಳ್ಳಿಯ ನಾಲ್ಕು ಮಂದಿಯ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ರಕ್ಷಣೆ 5 ಲಕ್ಷ. ನೋಂದಣಿಗೆ ಕೊನೇ ದಿನ ಇರತೈತಿ, ಸಂಘದ ಕಾರ್ಯದರ್ಶಿಗೆ ಕೇಳ್ರಿ.

ಮೂರು, ಪಗಾರ 21,000ದೊಳಗಿದ್ದು ಇಎಸ್‌ಐ ಕಡಿತ ಆಗ್ತಿದ್ದರೆ ಅದನ್ನ ಬಳಸ್ರಿ. ಹೊರರೋಗಿ ಚಿಕಿತ್ಸೆಯೂ ಅದರಾಗ ಐತಿ.

ನಾಲ್ಕು, ಖಾಸಗಿ ಪಾಲಿಸಿ ತಗೊಂಡರೆ ಶುಗರ್, ಬಿಪಿ ಮುಚ್ಚಿಡಬ್ಯಾಡ್ರಿ. ಮುಚ್ಚಿಟ್ಟದ್ದೇ ಕ್ಲೇಮ್ ತಿರಸ್ಕಾರಕ್ಕೆ ಕಾರಣ ಆಗತೈತಿ. ಅನ್ಯಾಯ ಆದರೆ ಬಿಮಾ ಭರೋಸಾ ಪೋರ್ಟಲ್ ಐತಿ, ಬೆಂಗಳೂರಾಗ ವಿಮಾ ಲೋಕಪಾಲರ ಕಚೇರಿ ಐತಿ.

ಮನ್ಯಾಗ ಎಲ್ಲಾರೂ ಕೂಡಿದಾಗ ಈ ನಾಲ್ಕರ ಬಗ್ಗೆ ಹತ್ತು ನಿಮಿಷ ಮಾತಾಡ್ರಿ. ದವಾಖಾನಿ ಕೌಂಟರ್ ಮುಂದ ನಿಂತು ಮಾತಾಡೋದಕ್ಕಿಂತ ಅದು ಚೊಲೋ. ಮುಂದಿನ ವಾರ ಸಿಗೋಣ್ರಿ, ಶರಣು.